ಕಾಫಿ ಹುರಿಯುವ ಡ್ರಮ್ಮಿಗೆ ವೈಪರ್ ಮೋಟರ್

ಆಲ್ದೂರಿನ ನಮ್ಮ ಶೆಡ್ಡಿನಲ್ಲಿ ಸ್ಯಾಂಪಲ್ ಕಾಫಿ ಹುರಿಯುವ ಪುಟ್ಟ ಡ್ರಮ್ಮನ್ನು ತಿರುಗಿಸುವುದು ಗುಜರಿಯಿಂದ ತಂದ ಕಾರಿನ ವೈಪರ್ ಮೋಟರ್. 12 ವೋಲ್ಟಿನದು, ಒಳಗೇ ಗೇರ್ ಇರುವುದರಿಂದ ನಿಧಾನಕ್ಕೆ, ಬಲವಾಗಿ ತಿರುಗುತ್ತದೆ. ವೇಗ ಹೆಚ್ಚು ಕಡಿಮೆ ಮಾಡಲು ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್, ಮತ್ತು ಅದು ಹೇಳಿದಂತೆ ಮೋಟರಿನ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚಾಗಿ ಒಂದು ಮಾಸ್ಫೆಟ್.

ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಪಕ್ಕದ ತೋಟದ ಹುಡುಗ ತಾನೂ ಅಂಥದ್ದೊಂದು ಮಾಡಿ ತಂದಿದ್ದ. "ಅಣ್ಣ, ಮಾಸ್ಫೆಟ್ ಮುಟ್ಟಕ್ಕಾಗಲ್ಲ, ಅಷ್ಟು ಬಿಸಿ. 49 ಆಂಪ್ ತಡೆಯುತ್ತೆ ಅಂತ ಬರ್ದಿದಾರಲ್ಲ?"

ಅವನು ಹಾಕಿದ್ದು ಐಆರ್‌ಎಫ್‌ಝಡ್44ಎನ್ ಎಂಬ ಮಾಸ್ಫೆಟ್. ಡೇಟಾಶೀಟಿನಲ್ಲಿ ಗೇಟ್ (ಸ್ವಿಚ್ಚನ್ನು ತೆರೆಯುವ ಕಾಲು) ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಅಂತಿರುತ್ತದೆ. ಅದನ್ನು ನೋಡಿ ಆರ್ಡುಯಿನೊದ 5 ವೋಲ್ಟ್ ಧಾರಾಳವಾಯಿತು ಅಂದುಕೊಳ್ಳುತ್ತಾರೆ. ಆದರೆ ಅದು ಬರೀ 250 ಮೈಕ್ರೋಆಂಪ್ ಹರಿಯಲು ಶುರುವಾಗುವ ಮಟ್ಟ. ತೆರೆದಾಗ ರೆಸಿಸ್ಟೆನ್ಸ್ ಹೆಚ್ಚೆಂದರೆ 17.5 ಮಿಲಿಓಮ್ ಎಂಬ ಭರವಸೆ ಇರುವುದು ಗೇಟಿಗೆ 10 ವೋಲ್ಟ್ ಕೊಟ್ಟಾಗ. 5 ವೋಲ್ಟಿಗೆ ಅದು ಅರೆಬರೆ ತೆರೆಯುತ್ತದೆ, ಮಿಕ್ಕಿದ್ದೆಲ್ಲ ಶಾಖ. ಐಆರ್‌ಎಲ್‌ಝಡ್44ಎನ್ ಆದರೆ 5 ವೋಲ್ಟಿನಲ್ಲೇ ಸುಮಾರು 25 ಮಿಲಿಓಮ್. 4 ಆಂಪಿಗೆ ಶಾಖದ ಲೆಕ್ಕ ಹಾಕಿ: 4ರ ವರ್ಗ 16 ಗುಣಿಸು 0.025 ಓಮ್, ಅಂದರೆ 0.4 ವ್ಯಾಟ್. ಹೀಟ್‌ಸಿಂಕೂ ಬೇಕಿಲ್ಲ. ಗೇಟಿನಿಂದ ಸೋರ್ಸಿಗೆ (ಮೈನಸ್ಸಿಗೆ ಸೇರುವ ಕಾಲು) 10 ಕಿಲೋಓಮ್ ರೆಸಿಸ್ಟರ್ ಒಂದಿರಲಿ. ಆರ್ಡುಯಿನೊ ರೀಸೆಟ್ ಆಗುವಾಗ ಪಿನ್ ಅತಂತ್ರವಾಗಿದ್ದರೂ ಮೋಟರ್ ತಾನಾಗಿ ಓಡುವುದಿಲ್ಲ.

ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನ ವಿಷಯದಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ, ಮೋಟರಿಗೆ ಅಡ್ಡಲಾಗಿ ಅದು ಇರಲೇಬೇಕು. ಮಾಸ್ಫೆಟ್ ಆಫ್ ಆದ ತಕ್ಷಣ ವೈಂಡಿಂಗಿನ ಕರೆಂಟ್ ನಿಲ್ಲಲು ಒಪ್ಪುವುದಿಲ್ಲ. ದಾರಿ ಸಿಗದಿದ್ದರೆ ವೋಲ್ಟೇಜ್ ಏರುತ್ತಾ ಹೋಗಿ ಮಾಸ್ಫೆಟ್ಟಿನ 55 ವೋಲ್ಟ್ ಮಿತಿಯನ್ನೂ ದಾಟುತ್ತದೆ. ಎಲ್ಲರ ಡಬ್ಬಿಯಲ್ಲೂ ಇರುವ 1ಎನ್4007 ಡಯೋಡ್ ಒಂದೇ ಆಂಪಿನದು, ಪಿಡಬ್ಲ್ಯುಎಂಗೆ (ವೇಗ ಹೊಂದಿಸಲು ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡುವುದಕ್ಕೆ) ತೀರಾ ನಿಧಾನ. 5 ಆಂಪಿನ, ವೇಗದ ಶಾಟ್ಕಿ ಡಯೋಡ್ ಎಸ್‌ಆರ್560 ಹಾಕಿ, ಪಟ್ಟಿಯಿರುವ ತುದಿ ಪ್ಲಸ್ಸಿಗೆ.

ಇನ್ನೊಂದು: ಬಹಳಷ್ಟು ವೈಪರ್ ಮೋಟರುಗಳಲ್ಲಿ ಬಾಡಿಯೇ ನೆಗೆಟಿವ್, ನಮ್ಮ ಮಾಸ್ಫೆಟ್ ಕೂರುವುದು ಆ ನೆಗೆಟಿವ್ ಮತ್ತು ಬ್ಯಾಟರಿಯ ಮೈನಸ್ ನಡುವೆ. ಡ್ರಮ್ಮಿನ ಸ್ಟ್ಯಾಂಡ್ ಬ್ಯಾಟರಿಯ ಮೈನಸ್ಸಿಗೆ ಎಲ್ಲಾದರೂ ತಾಗಿದರೆ ಕರೆಂಟ್ ಮಾಸ್ಫೆಟ್ಟನ್ನು ಬಿಟ್ಟು ಹರಿದು ಮೋಟರ್ ಪೂರ್ತಿ ವೇಗದಲ್ಲಿ ಓಡುತ್ತದೆ. ಬೋಲ್ಟಿಗೆ ರಬ್ಬರ್ ವಾಷರ್ ಹಾಕಿ.

ಬೀಜ ಹೊರಗೆ ಸುರಿಯಲು ಡ್ರಮ್ ಹಿಂದಕ್ಕೂ ತಿರುಗಬೇಕು ಅಂತ ಹುಡುಗನ ಆಸೆ. ಮೋಟರನ್ನು ಎರಡೂ ದಿಕ್ಕಿಗೆ ತಿರುಗಿಸುವ ಎಲ್298 ಬೋರ್ಡ್ ತರ್ತೀನಿ ಅಂದ. ಬೇಡ ಅಂದೆ, 2 ಆಂಪಿಗೆ ಅದೇ 4.9 ವೋಲ್ಟಿನವರೆಗೂ ನುಂಗಬಹುದು. ಮೋಟರ್ ನಿಂತ ಮೇಲೆ ದಿಕ್ಕು ಬದಲಿಸುವುದಕ್ಕೆ ಮೋಟರಿನ ಎರಡು ವೈರುಗಳನ್ನು ಅದಲುಬದಲು ಮಾಡುವ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಸಾಕು. ಆಗ ಡಯೋಡ್ ಮಾತ್ರ ಮೋಟರಿನ ತುದಿಗಳ ಮೇಲಲ್ಲ, ರಿಲೇಯ ಈಚೆ ಮಾಸ್ಫೆಟ್ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ದಿಕ್ಕು ತಿರುಗಿದ ಕೂಡಲೇ ನೇರ ಶಾರ್ಟ್.