ಕಡಲು ಬಿಟ್ಟು ಒಳನಾಡಿಗೆ: ಮಂಗಳೂರಿನಿಂದ ಒಂದು ದಿನದ ಬಸದಿ ಸುತ್ತಾಟ

ಮಂಗಳೂರಿಗೆ ಬಂದ ನೆಂಟರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಪಣಂಬೂರು, ತಣ್ಣೀರುಬಾವಿ, ಉಳ್ಳಾಲ. ಹೆಚ್ಚಿನವರ ಪಟ್ಟಿ ಅಲ್ಲಿಗೇ ಮುಗಿಯುತ್ತದೆ. ಕಾರ್ಕಳ, ಮೂಡುಬಿದಿರೆಯ ಹೆಸರು ಎಲ್ಲರಿಗೂ ಗೊತ್ತು. ಆದರೆ ಶೃಂಗೇರಿಗೋ ಹೊರನಾಡಿಗೋ ಹೋಗುವಾಗ ಕಿಟಕಿಯಿಂದ ನೋಡಿ ಮುಂದೆ ಹೋಗುವವರೇ ಜಾಸ್ತಿ. ಇನ್ನು ವರಂಗಕ್ಕೆ ಹೋದವರು ನನ್ನ ಪರಿಚಯದಲ್ಲಿ ನಾಲ್ಕೈದು ಜನ ಇರಬಹುದು, ಅಷ್ಟೇ.

ಈ ಮೂರನ್ನೂ ಒಂದೇ ದಿನದಲ್ಲಿ ನೋಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು, ಅದೂ ಬಸ್ಸಿನಲ್ಲೇ. ನಾನು ಅಮ್ಮನ ಜೊತೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಕ್ರಮ ತಪ್ಪಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾವು ಹೋದದ್ದು ಏಪ್ರಿಲ್‌ನಲ್ಲಿ. ದಾರಿಯಲ್ಲಿ ಮೊದಲು ಸಿಗುವುದು ಮೂಡುಬಿದಿರೆ ಅಲ್ವಾ, ಅಲ್ಲೇ ಇಳಿದೆವು. ನಿಧಾನವಾಗಿ ಎಲ್ಲ ನೋಡಿ ಕಾರ್ಕಳಕ್ಕೆ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಬಾಹುಬಲಿ ಬೆಟ್ಟ ಅಂದರೆ ಪೂರ್ತಿ ಕಪ್ಪು ಬಂಡೆ. ಮೇಲೆ ಚಪ್ಪಲಿ ಬಿಟ್ಟು ಕಲ್ಲಿನ ಅಂಗಳದಲ್ಲಿ ನಡೆಯಬೇಕು. ಅಮ್ಮ ಎರಡು ಹೆಜ್ಜೆ ಇಟ್ಟವರು ಹಾಗೇ ಹಿಂದೆ ಬಂದು ಬಾಗಿಲ ನೆರಳಲ್ಲಿ ಕೂತರು. "ಕಾಲು ಸುಡ್ತದೆ ಮಾರಾಯ, ನೀನು ಹೋಗಿ ಬಾ" ಅಂದರು. ಅಷ್ಟು ದೂರ ಬಂದು ಅವರಿಗೆ ಮೂರ್ತಿಯ ಹತ್ತಿರ ಹೋಗಲು ಆಗಲಿಲ್ಲ. ನನಗೆ ಇವತ್ತಿಗೂ ಬೇಜಾರಿದೆ.

ಹಾಗಾಗಿ ದೂರದ್ದನ್ನು ಮೊದಲು ನೋಡಿ, ಹತ್ತಿರದ್ದನ್ನು ಕೊನೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಆರೂವರೆಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಾರ್ಕಳದ ಎಕ್ಸ್‌ಪ್ರೆಸ್ ಬಸ್ ಹತ್ತಿ. ಸರ್ವಿಸ್ ಬಸ್ ಬೇಡ, ಎಲ್ಲ ಕಡೆ ನಿಲ್ಲಿಸುತ್ತಾ ಹೋಗುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ. ಎಂಟರ ಹೊತ್ತಿಗೆ ಕಾರ್ಕಳ. ಬನ್ಸೋ ದೋಸೆಯೋ ತಿಂದು ನೇರ ಬೆಟ್ಟಕ್ಕೆ ಹೋಗಿ. ಮಂಡಿ ನೋವಿದ್ದವರು ರಿಕ್ಷಾ ಮಾಡಿಕೊಳ್ಳಿ, ವಾಹನ ಹೋಗುವ ದಾರಿಯೂ ಇದೆ. ಕಾಲಿಗೆ ಒಂದು ಜೊತೆ ಹತ್ತಿಯ ಕಾಲುಚೀಲ ಚೀಲದಲ್ಲಿ ಇರಲಿ.

ಬಾಹುಬಲಿ ಮೂರ್ತಿ 42 ಅಡಿ ಎತ್ತರ, ಒಂದೇ ಕಲ್ಲು. ವೀರಪಾಂಡ್ಯ ಅರಸ 1432ರಲ್ಲಿ ನಿಲ್ಲಿಸಿದ್ದು. ಕರ್ನಾಟಕದಲ್ಲಿ ಶ್ರವಣಬೆಳಗೊಳದ ನಂತರದ ದೊಡ್ಡ ಹಳೆಯ ಗೊಮ್ಮಟ ಇದೇ. ಬೆಳಗಿನ ಹೊತ್ತು ಹೋದರೆ ಕಲ್ಲು ತಣ್ಣಗಿರುತ್ತದೆ, ಜನವೂ ಇರುವುದಿಲ್ಲ. ಎರಡನೇ ಸಲ ಅಮ್ಮ ಮೂರ್ತಿಗೆ ಒಂದು ಸುತ್ತು ಬಂದು, ಪಾದದ ಹತ್ತಿರ ಕುತ್ತಿಗೆ ಎತ್ತಿ ಎಷ್ಟೋ ಹೊತ್ತು ನಿಂತಿದ್ದರು.

ಬೆಟ್ಟದ ಎದುರಿಗೇ ಇನ್ನೊಂದು ಸಣ್ಣ ಗುಡ್ಡದ ಮೇಲೆ ಚತುರ್ಮುಖ ಬಸದಿ ಇದೆ, 1586ರದ್ದು. ಅದನ್ನು ಖಂಡಿತ ಬಿಡಬೇಡಿ. ಯಾವ ದಿಕ್ಕಿನಿಂದ ಬಂದರೂ ಒಂದೇ ತರಹ ಕಾಣುತ್ತದೆ. ನಾಲ್ಕು ಬಾಗಿಲು, ನಾಲ್ಕೂ ಕಡೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರ್ತಿಗಳು. ಅದರ ಜಗಲಿಯಲ್ಲಿ ಕೂತು ಎದುರಿನ ಬೆಟ್ಟದ ಬಾಹುಬಲಿಯನ್ನು ನೋಡಿ.

ಹತ್ತು ಗಂಟೆಗೆ ಹೆಬ್ರಿ ಕಡೆ ಹೋಗುವ ಬಸ್ ಹಿಡಿದರೆ ವರಂಗ. ಕಾರ್ಕಳದಿಂದ 25 ಕಿಲೋಮೀಟರ್ ಆಸುಪಾಸು. ಈ ದಾರಿಯಲ್ಲಿ ಬಸ್ ಮಂಗಳೂರಿನ ದಾರಿಯಷ್ಟು ಇಲ್ಲ. ಇಳಿದ ಕೂಡಲೇ ವಾಪಸ್ ಬಸ್ಸಿನ ಹೊತ್ತನ್ನು ಅಂಗಡಿಯವರ ಹತ್ತಿರ ಕೇಳಿಟ್ಟುಕೊಳ್ಳಿ.

ವರಂಗದಲ್ಲಿ ಕೆರೆಯ ನಡುವೆ ಬಸದಿ. ಹೋಗಲು ಸೇತುವೆ ಇಲ್ಲ, ದೋಣಿಯೇ ಗತಿ. ದೋಣಿಯವರು ಇನ್ನೂ ನಾಲ್ಕು ಜನ ಬರಲಿ ಅಂತ ಕಾಯಬಹುದು. ಅವಸರ ಮಾಡಬೇಡಿ, ಸುಮ್ನೆ ದಂಡೆಯಲ್ಲಿ ಕೂತಿರಿ. ದೋಣಿ ಹೊರಟ ಮೇಲೆ ಐದೇ ನಿಮಿಷ. ಹಿಂದೆ ಘಟ್ಟದ ಸಾಲು, ಸುತ್ತ ಗದ್ದೆ, ತೆಂಗು. ನೀರಿಗೆ ಕೋಲು ಬೀಳುವ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಬಸದಿ ಸಣ್ಣದು. ಒಳಗೆ ನಾಲ್ಕು ದಿಕ್ಕಿಗೂ ತೀರ್ಥಂಕರರು. ನಾನು ಕಂಡ ಯಾವ ಗುಡಿಯಲ್ಲೂ ಇಷ್ಟು ಸಮಾಧಾನ ಸಿಕ್ಕಿಲ್ಲ. ದೋಣಿ ಹತ್ತಿಳಿಯುವಾಗ ವಯಸ್ಸಾದವರ ಕೈ ಹಿಡಿದುಕೊಳ್ಳಿ, ಮೆಟ್ಟಿಲಲ್ಲಿ ಪಾಚಿ ಇರುತ್ತದೆ. ಕೆರೆಯ ಹೊರಗೆ ದೊಡ್ಡ ನೇಮಿನಾಥ ಬಸದಿಯೂ ಇದೆ, ಬಸ್ಸಿಗೆ ಹೊತ್ತಿದ್ದರೆ ನೋಡಿ.

ಮಧ್ಯಾಹ್ನದ ಊಟ ಕಾರ್ಕಳದಲ್ಲೇ ಮುಗಿಸಿ. ಅಲ್ಲಿಂದ ಮೂಡುಬಿದಿರೆಗೆ ಬಸ್ ಬೇಕಾದಷ್ಟು. ಸಾವಿರ ಕಂಬದ ಬಸದಿಗೆ ಮೂರು ಗಂಟೆಯ ಮೇಲೆ ಹೋಗುವುದೇ ಒಳ್ಳೆಯದು. ಕಂಬಗಳ ನಡುವೆ ನೆರಳು, ತಂಪು. ಓರೆ ಬಿಸಿಲು ಬಿದ್ದಾಗ ಕೆತ್ತನೆ ಎದ್ದು ಕಾಣುತ್ತದೆ.

1430ರಲ್ಲಿ ಕಟ್ಟಿದ ಬಸದಿ ಇದು. ಮೂರು ಅಂತಸ್ತು. ನಮ್ಮ ಕಡೆಯ ಮಳೆಗೆ ಬೇಕಾದ ಹಾಗೆ ಇಳಿಜಾರು ಮಾಡು. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅನ್ನುತ್ತಾರೆ. ಸುಮ್ಮನೆ ಎಣಿಸುತ್ತಾ ಹೋದರೆ ಅದು ಗೊತ್ತಾಗುವುದಿಲ್ಲ, ಒಂದೊಂದೇ ಕಂಬದ ಎದುರು ನಿಲ್ಲಬೇಕು. ಒಂದರಲ್ಲಿ ಬಳೆ ಬಳೆಯಾಗಿ ನುಣ್ಣಗೆ ತಿರುವಿದ ಗೆರೆ. ಇನ್ನೊಂದರಲ್ಲಿ ಹೆಣೆದುಕೊಂಡ ಹಗ್ಗದಂಥ ಗಂಟು. ಅಮ್ಮ ಕಲ್ಲನ್ನು ಮುಟ್ಟದೆ, ಗಾಳಿಯಲ್ಲೇ ಬೆರಳು ಆಡಿಸುತ್ತಾ ಆ ಗಂಟಿನ ತುದಿ ಹುಡುಕಿದರು. ಸಿಗಲಿಲ್ಲ. ಮತ್ತೆ ಮೊದಲಿನಿಂದ ಹುಡುಕಿದರು.

ಇದೇ ಬಸದಿಯ ಭೈರಾದೇವಿ ಮಂಟಪದ ಬುಡದ ಸುತ್ತ ಬಗ್ಗಿ ನೋಡಿ. ಆನೆ, ಕುದುರೆಗಳ ಜೊತೆ ಜಿರಾಫೆ ಇದೆ! ಚೀನಾದ ಡ್ರ್ಯಾಗನ್ ಕೂಡ ಇದೆ. ಈ ಕರಾವಳಿಗೆ ದೂರ ದೂರದ ಹಡಗುಗಳು ಬರುತ್ತಿದ್ದ ಕಾಲ ಅದು. ಮಕ್ಕಳಿದ್ದರೆ ಎಲ್ಲಿದೆ ಅಂತ ಹೇಳಬೇಡಿ, ಅವರೇ ಹುಡುಕಲಿ. ಫೋಟೋ ತೆಗೆಯುವ ಮುಂಚೆ ಅಲ್ಲಿದ್ದವರನ್ನು ಕೇಳಿ.

ಇಲ್ಲಿಂದ ಹತ್ತಿರದಲ್ಲೇ ಚೌಟರ ಅರಮನೆ. ಉಳ್ಳಾಲದ ರಾಣಿ ಅಬ್ಬಕ್ಕನ ಮನೆತನ ಇದೇ. ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರ ಇದೆ, ಐವರು ಸೇರಿ ಕುದುರೆಯಾದ ಕೆತ್ತನೆಯೂ ಇದೆ. ಅಲ್ಲಿ ಮನೆಯವರು ವಾಸ ಇದ್ದಾರೆ. ಹೊರಗಿನಿಂದ ಕರೆದು, ಕೇಳಿ, ಒಪ್ಪಿದರೆ ಮಾತ್ರ ಒಳಗೆ ಹೋಗಿ.

ಸ್ವಂತ ಗಾಡಿ ಇದ್ದವರು ವೇಣೂರನ್ನೂ ಸೇರಿಸಬಹುದು. 1604ರ ಬಾಹುಬಲಿ, 35 ಅಡಿ. ಬರುವಾಗ ಗುರುಪುರದಲ್ಲಿ ದಾಟಿದ ಫಲ್ಗುಣಿ ಹೊಳೆಯ ದಂಡೆಯಲ್ಲೇ ಇದೆ. ಬಸ್ಸಿನಲ್ಲಿ ಹೋಗುವವರು ಇದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ನಾಲ್ಕು ಊರು ಒಂದೇ ದಿನ ಅಂದರೆ ಓಡಾಟವೇ ಆಗುತ್ತದೆ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಜೂನ್, ಜುಲೈಯಲ್ಲಿ ಊರು ಹಸಿರಾಗಿ ಚೆಂದ ಕಾಣುತ್ತದೆ. ಆದರೆ ಕಾರ್ಕಳದ ಬಂಡೆ ಜಾರುತ್ತದೆ, ಮಳೆ ಜೋರಾದರೆ ದೋಣಿ ನಂಬಿ ಹೋಗಬೇಡಿ.

ಸಂಜೆ ಐದರ ಹೊತ್ತಿಗೆ ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳ ರಶ್. ಕಾರ್ಕಳದಿಂದ ಬರುವ ಬಸ್ ತುಂಬಿಕೊಂಡೇ ಬಂದಿರುತ್ತದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಅಲ್ಲಿಂದಲೇ ಹೊರಡುವ ಬಸ್ ಯಾವುದು ಅಂತ ಕೇಳಿ ಹತ್ತಿ. ಹತ್ತು ನಿಮಿಷ ತಡವಾದರೂ ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ.