ನಾಲೆ ಏರಿಯ ಉಡಗಳು: ನೆಲೆ ಮತ್ತು ಆಹಾರದ ದಾಖಲೆ, ಬೇಸಿಗೆಯ ಪ್ರಗತಿ

ಪಾಂಡವಪುರದ ಕುಂತಿಬೆಟ್ಟದ ಬಂಡೆಗಳ ತಪ್ಪಲಿನಿಂದ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಬ್ಬು, ಭತ್ತದ ಗದ್ದೆಗಳವರೆಗೆ ಉಡಗಳು ಎಲ್ಲೆಲ್ಲಿ ತಂಗುತ್ತವೆ, ಏನನ್ನು ತಿನ್ನುತ್ತವೆ ಎಂದು ದಾಖಲಿಸುವ ಕೆಲಸ ಈ ಬೇಸಿಗೆಯಲ್ಲಿ ಒಂದು ಹದಕ್ಕೆ ಬಂದಿದೆ. ಉಡವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಆದ್ದರಿಂದ ಹಿಡಿಯುವುದಾಗಲಿ, ಬಿಲ ಅಗೆಯುವುದಾಗಲಿ, ಹೊಗೆ ಹಾಕುವುದಾಗಲಿ ಈ ಕೆಲಸದಲ್ಲಿ ಇಲ್ಲ. ಹೆಜ್ಜೆಗುರುತು, ಹಿಕ್ಕೆ, ಬೈನಾಕ್ಯುಲರ್, ಕ್ಯಾಮೆರಾ ಇಷ್ಟರಲ್ಲೇ ನಡೆಯಬೇಕು.

ಒಟ್ಟು ಉದ್ದದಲ್ಲಿ 175 ಸೆಂ.ಮೀ.ವರೆಗೂ ಬೆಳೆಯಬಲ್ಲ ಈ ಪ್ರಾಣಿಗೆ ದೊಡ್ಡ ಕಾಡೇ ಬೇಕೆಂದಿಲ್ಲ. ಪಾಳುಬಿದ್ದ ಹುತ್ತ, ಹಳೆಯ ಹುಣಸೆಮರದ ಪೊಟರೆ, ಬಂಡೆಯ ಸಂದು, ನಾಲೆ ಏರಿಯ ಬಿಲ, ಯಾವುದಾದರೂ ಆದೀತು. ಮರಿಗಳು ಮರದ ಮೇಲೆ ಹೆಚ್ಚು ಕಾಣುತ್ತವೆ, ದೊಡ್ಡವು ಬಹುಪಾಲು ನೆಲದಲ್ಲೇ ಮೇಯುತ್ತವೆ. ನಾಲೆಯಲ್ಲಿ ನೀರು ಹರಿಯುವುದು ನಿಂತ ದಿನಗಳಲ್ಲಿ ಮೆತ್ತನೆಯ ಕೆಸರಿನ ಮೇಲೆ ಬಾಲ ಎಳೆದ ಬಳುಕು ಗೆರೆಯೂ ಅದರ ಎರಡೂ ಬದಿಗೆ ಉಗುರಿನ ಗುರುತುಗಳೂ ಸ್ಪಷ್ಟವಾಗಿ ಉಳಿಯುತ್ತವೆ.

ಕ್ಯಾಮೆರಾದ ವಿಷಯದಲ್ಲಿ ಒಂದು ಮಾತು. ಸಾಮಾನ್ಯ ಕ್ಯಾಮೆರಾ ಟ್ರ್ಯಾಪ್ ಪ್ರಾಣಿಯ ಮೈಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸವನ್ನು ಗ್ರಹಿಸಿ ಚಿತ್ರ ತೆಗೆಯುವುದರಿಂದ, ಬಿಸಿಲು ಕಾಯ್ದು ನೆಲದಷ್ಟೇ ಬಿಸಿಯಾದ ಉಡ ಎದುರಿಗೇ ಹಾದರೂ ಅದಕ್ಕೆ ತಿಳಿಯದೆ ಹೋಗಬಹುದು. ಈ ಕಾರಣಕ್ಕೆ ಬೆಳಗಿನ ಹೊತ್ತಿನಲ್ಲಿ ನಿಗದಿತ ಅಂತರಕ್ಕೊಮ್ಮೆ ತಾನಾಗಿ ಚಿತ್ರ ತೆಗೆಯುವಂತೆ ಹೊಂದಿಸಿದ್ದೇನೆ. ಬ್ಯಾಟರಿ ಬೇಗ ಮುಗಿಯುತ್ತದೆ, ಆದರೆ ಫಲ ವಾಸಿ.

ಈವರೆಗಿನ ಅತ್ಯುತ್ತಮ ದೃಶ್ಯ ಸಿಕ್ಕಿದ್ದು ಮಾತ್ರ ಕ್ಯಾಮೆರಾದಿಂದಲ್ಲ, ಹೊಲದಂಚಿನ ಒಂದು ತಿಪ್ಪೆಯ ಬಳಿ. ದೊಡ್ಡ ಉಡವೊಂದು ಸೀಳುನಾಲಗೆಯನ್ನು ಮತ್ತೆ ಮತ್ತೆ ಹೊರಚಾಚಿ ವಾಸನೆಯ ಕಣಗಳನ್ನು ಅಂಗುಳಿನ ಗ್ರಹಣಾಂಗಕ್ಕೆ ಒಯ್ಯುತ್ತಾ ಮುಂದೆ ಸಾಗಿ, ಒಂದೆಡೆ ನಿಂತು, ಮುಂಗಾಲಿನಿಂದ ಗೊಬ್ಬರ ಕೆದರಿ, ಮೂತಿಯನ್ನು ಕಣ್ಣಿನವರೆಗೂ ಒಳಗೆ ತೂರಿಸಿ ದಪ್ಪನೆಯ ಗೊಣ್ಣೆಹುಳುವನ್ನು ಎಳೆದು ನುಂಗಿತು. ಕಬ್ಬಿನ ಬೇರು ಕಡಿಯುವ ಗೊಣ್ಣೆಹುಳುಗಳ ಕಾಟ ಬಲ್ಲ ರೈತರು ಈ ನೋಟವನ್ನು ನೋಡಬೇಕಿತ್ತು ಎನ್ನಿಸಿತು.

ಹಿಕ್ಕೆಗಳೂ ಇದನ್ನೇ ಹೇಳುತ್ತಿವೆ. ತುದಿಯಲ್ಲಿ ಸುಣ್ಣದಂಥ ಬಿಳಿ ಯೂರಿಕ್ ಆಮ್ಲದ ಮುದ್ದೆ ಇರುವುದರಿಂದ ಅವನ್ನು ಮುಂಗುಸಿಯ ಹಿಕ್ಕೆಯಿಂದ ಸುಲಭವಾಗಿ ಬೇರ್ಪಡಿಸಬಹುದು. ಸ್ಥಳದಲ್ಲೇ ಕಡ್ಡಿಯಿಂದ ಬಿಡಿಸಿ ನೋಡಿ ಅಲ್ಲೇ ಬಿಡುತ್ತೇನೆ. ಸಗಣಿಹುಳುಗಳ ಹೊಳೆಯುವ ಗಟ್ಟಿ ರೆಕ್ಕೆಚಿಪ್ಪು ಎಲ್ಲಕ್ಕಿಂತ ಹೆಚ್ಚು. ಗದ್ದೆ ಬದುವಿನ ಕಡೆ ನಳ್ಳಿಯ ಚಿಪ್ಪಿನ ಚೂರುಗಳು, ಕಬ್ಬಿನ ಕಡೆ ಇಲಿಯ ರೋಮ. ಬಂಡೆಗಳ ಕಡೆ ಒಮ್ಮೆ ಚೇಳಿನ ಕೊಂಡಿಯೂ ಸಿಕ್ಕಿತು.

ಊರಿನಲ್ಲಿ ಉಡಕ್ಕೆ ಇರುವ ಹೆಸರು ಮೊಟ್ಟೆಕಳ್ಳ. ಈ ದೂರನ್ನು ತಳ್ಳಿಹಾಕಲು ನನ್ನ ದಾಖಲೆ ಸಾಲದು, ಏಕೆಂದರೆ ಮೊಟ್ಟೆಯ ಲೋಳೆ, ಕಪ್ಪೆಯ ಮಾಂಸದಂಥ ಮೆತ್ತನೆಯ ಆಹಾರ ಹಿಕ್ಕೆಯಲ್ಲಿ ಗುರುತು ಉಳಿಸುವುದು ಕಡಿಮೆ, ಮೊಟ್ಟೆ ಮತ್ತು ಮರಿಹಕ್ಕಿಗಳನ್ನು ಉಡ ತಿನ್ನುವುದಂತೂ ನಿಜ. ಗೂಡಿನ ಬಾಗಿಲನ್ನು ಭದ್ರಪಡಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಕೊಂದರೆ ಇಲಿ, ಹುಳುಗಳನ್ನು ತಿನ್ನುವ ಬಾಯಿಯೂ ಹೋಗುತ್ತದೆ.

ಜೂನ್‌ನಿಂದ ಸಂತಾನೋತ್ಪತ್ತಿಯ ಕಾಲ. ಹೆಣ್ಣು ಹುತ್ತದಲ್ಲೋ ಸಮನೆಲದ ಗುಂಡಿಯಲ್ಲೋ ಮೊಟ್ಟೆಯಿಟ್ಟು ಮಣ್ಣು ಮುಚ್ಚುವುದರಿಂದ, ಮಳೆ ಬಿದ್ದ ಮೇಲೆ ಹುತ್ತಗಳ ಹೊಸ ಕೆದರುಗಳನ್ನು ಗುರುತಿಸಿ, ಎರಡು ಕ್ಯಾಮೆರಾಗಳನ್ನು ಅತ್ತ ತಿರುಗಿಸಲಿದ್ದೇನೆ.