ಸೋಲಾರ್ ಟ್ಯಾಂಕ್ ಗುಜರಿಗೆ ಹಾಕೋದು ಬೇಡ ಅಂದೆ

9 ಮಾರ್ಚ್ 2025, ಭಾನುವಾರ, ಬೆಂಗಳೂರು

ಇವತ್ತಿನ ಅಸೋಸಿಯೇಷನ್ ಮೀಟಿಂಗ್ ಪೂರ್ತಿ ಸೋಲಾರ್ ವಾಟರ್ ಹೀಟರ್ ಮೇಲೆಯೇ ಹೋಯಿತು. ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು, ಅದಕ್ಕೆ ಮೇಲಿರುವ ಟ್ಯಾಂಕ್‌ಗಳನ್ನೆಲ್ಲ ಬಿಚ್ಚಿ ಪಕ್ಕಕ್ಕಿಡಬೇಕು. ಹೇಗೂ ಬಿಚ್ತೀವಲ್ಲ, ಬೋರ್‌ವೆಲ್ ನೀರಿಗೆ ಟ್ಯೂಬ್‌ನಲ್ಲಿ ಉಪ್ಪು ಕಟ್ಟಿ ಕೂತಿದೆ, ಮತ್ತೆ ಕೂರಿಸೋದು ಯಾಕೆ, ಗುಜರಿಗೆ ಹಾಕಿಬಿಡೋಣ, ಎಲ್ಲರ ಬಾತ್‌ರೂಮಿನಲ್ಲೂ ಗೀಸರ್ ಇದೆಯಲ್ಲ ಅಂತ ಕೆಲವರು ವಾದ ಶುರು ಮಾಡಿದರು. ನಾನು ಬೇಡ ಅಂದೆ.

ಆಗ ಮೇಲಿನ ಮನೆಯ ಹುಡುಗ ಕೇಳಿದ. "ಆಂಟಿ, ನಮ್ಮ ಬಿಲ್ಡಿಂಗಿನ ನಾಲ್ಕು ಟ್ಯಾಂಕ್ ಉಳಿಸಿದ್ರೆ ಜಗತ್ತಿನ ಬಿಸಿ ಕಡಿಮೆ ಆಗುತ್ತಾ?" ಕುಹಕ ಇರಲಿಲ್ಲ ಅವನ ಮಾತಲ್ಲಿ, ನಿಜವಾಗಿಯೂ ತಿಳಿಯಬೇಕಿತ್ತು. ಮೀಟಿಂಗ್‌ನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ನಾಲ್ಕೂವರೆ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಬೇಕು. ಅಷ್ಟು ನೀರು ನಾಲ್ಕು ಜನರ ಮನೆಯ ಸ್ನಾನಕ್ಕೆ ಸಾಕು. ಮೋಡದ ದಿನಗಳನ್ನು ಬಿಟ್ಟರೂ ವರ್ಷಕ್ಕೆ ಸಾವಿರದ ನಾನೂರು ಯೂನಿಟ್ ಹತ್ತಿರ ಉಳಿಯುತ್ತೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ ಮುಕ್ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತೆ. ಅಲ್ಲಿಗೆ ಒಂದು ಮನೆಗೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಟನ್ ಆಯಿತು. ಭಾರತದಲ್ಲಿ ತಲಾ ಲೆಕ್ಕ ವರ್ಷಕ್ಕೆ ಎರಡು ಟನ್ ಆಸುಪಾಸು ಇರುವಾಗ, ನಾಲ್ಕು ಜನರ ಮನೆಯಲ್ಲಿ ಬರೀ ಸ್ನಾನದ ನೀರಿನಿಂದ ಒಂದು ಟನ್ ಉಳಿದರೆ ಅದನ್ನು ಚಿಕ್ಕದು ಅನ್ನೋಕಾಗಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. ಇದೇ ಮನೆಯವರೊಬ್ಬರು ಅಮೆರಿಕಕ್ಕೆ ಹೋಗಿ ಬಂದರೆ ಆ ಒಂದು ಟನ್ ಅಲ್ಲೇ ಕರಗಿಹೋಗುತ್ತೆ. ಸ್ಟೀಲ್ ಲೋಟ ಹಿಡಿದು ಓಡಾಡಿದೆ, ಪ್ಲಾಸ್ಟಿಕ್ ಚೀಲ ಬೇಡ ಅಂದೆ ಎಂದ ಮಾತ್ರಕ್ಕೆ ನಮ್ಮ ಪಾಲು ಮುಗಿಯಲ್ಲ. ದೊಡ್ಡದು ಯಾವುದು, ಚಿಕ್ಕದು ಯಾವುದು ಅಂತ ನೋಡಿ ದೊಡ್ಡದನ್ನು ಮೊದಲು ಹಿಡೀಬೇಕು. ಒಂದೇ ಕೋಣೆಯಲ್ಲಿ ಎರಡು ಬಲ್ಬ್ ಒಂದು ಫ್ಯಾನ್‌ನಲ್ಲಿ ಸಂಸಾರ ಮಾಡುವವರಿಗೆ ಕರೆಂಟ್ ಉಳಿಸಿ ಅಂತ ಬೋಧನೆ ಮಾಡೋದಂತೂ ಅನ್ಯಾಯ. ಇದು ನಮ್ಮಂಥ, ಮೂರು ಗೀಸರ್ ಇರುವ ಮನೆಗಳ ಕೆಲಸ.

ಮೀಟಿಂಗ್‌ನಲ್ಲಿ ಯಾರಿಗೂ ಹೊಳೆಯದ ವಿಷಯ ಒಂದಿತ್ತು, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. "ಈಗ ಕರ್ನಾಟಕದ ಕರೆಂಟೇ ಸೋಲಾರ್ ಆಗ್ತಿದೆಯಲ್ಲ, ಪಾವಗಡ ಇದೆಯಲ್ಲ" ಅಂದರು ಒಬ್ಬರು. ಇದೆ, 2,050 ಮೆಗಾವಾಟ್‌ನ ದೊಡ್ಡ ಪಾರ್ಕ್. ಆದರೆ ನಾವು ಗೀಸರ್ ಹಾಕೋದು ಬೆಳಿಗ್ಗೆ ಆರಕ್ಕೆ. ಆಗ ಪಾವಗಡದಲ್ಲಿ ಬಿಸಿಲೆಲ್ಲಿ? ಊರಿಗೆ ಊರೇ ಒಟ್ಟಿಗೆ ಸ್ನಾನಕ್ಕೆ ಹೊರಟಾಗ ಏರುವ ಆ ಬೇಡಿಕೆಯಲ್ಲಿ ಸ್ವಲ್ಪವನ್ನು ಶರಾವತಿಯ ನೀರು ಹೊರುತ್ತೆ, ಮಿಕ್ಕಿದ್ದಕ್ಕೆ ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಕಲ್ಲಿದ್ದಲು ಉರೀಬೇಕು. ಟೆರೇಸ್ ಮೇಲಿನ ಟ್ಯಾಂಕ್ ದೊಡ್ಡ ಫ್ಲಾಸ್ಕ್ ಇದ್ದ ಹಾಗೆ, ನಿನ್ನೆಯ ಬಿಸಿಲನ್ನು ಇವತ್ತು ಬೆಳಿಗ್ಗೆಗೆ ಇಟ್ಟುಕೊಡುತ್ತೆ. ಬ್ಯಾಟರಿ ಬೇಡ, ಇನ್ವರ್ಟರ್ ಬೇಡ, ಕರೆಂಟ್ ಹೋದರೂ ನೀರು ಬಿಸಿ.

ಗೃಹಜ್ಯೋತಿಯ ಮಾತೂ ಬಂತು. ಬಿಲ್ ಸೊನ್ನೆ ಬರುವಾಗ ಸೋಲಾರ್ ಯಾಕೆ ಅಂತ. ಆ ಯೋಜನೆಯಲ್ಲಿ ನಮಗೆ ಉಚಿತ ಸಿಗೋದು 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10. ಅಷ್ಟು ದಾಟಿದರೆ ಹೆಚ್ಚಿನದಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಸೋಲಾರ್ ಇದ್ದಾಗಿನ ಬಳಕೆಯ ಮೇಲೆ ನಮ್ಮ ಸರಾಸರಿ ನಿಂತಿದೆ. ಅದನ್ನು ಕಿತ್ತುಹಾಕಿ ತಿಂಗಳಿಗೆ ನೂರಕ್ಕೂ ಮೇಲೆ ಯೂನಿಟ್ ಏರಿಸಿಕೊಂಡರೆ ಏನಾಗುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಎಲ್ಲರೂ ಮೊಬೈಲ್‌ನಲ್ಲಿ ತಮ್ಮ ತಮ್ಮ ಬಿಲ್ ನೋಡಿಕೊಂಡರು.

ಒಬ್ಬರಿಂದ ಏನಾಗುತ್ತೆ ಅನ್ನೋ ಪ್ರಶ್ನೆಗೆ ಈ ಬೆಂಗಳೂರಿನ ಟೆರೇಸ್‌ಗಳಲ್ಲೇ ಉತ್ತರ ಇದೆ ಅನ್ನೋದು ನನ್ನ ನಂಬಿಕೆ. ಮೊದಮೊದಲು ಇಷ್ಟಪಟ್ಟವರು ಸ್ವಂತ ದುಡ್ಡಿನಲ್ಲಿ ಹಾಕಿಸಿಕೊಂಡರು. ಪಕ್ಕದ ಮನೆಯವರು ನೋಡಿದರು, ಕೇಳಿದರು, ಅವರೂ ಹಾಕಿಸಿದರು. ರಿಪೇರಿಯವರು ಬೆಳೆದರು, ಪ್ಲಂಬರ್‌ಗಳು ಕಲಿತರು. 2007ರಲ್ಲಿ ಸರ್ಕಾರ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿತು. ಕರೆಂಟ್ ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿಯೂ ಸಿಕ್ಕಿತು. ಆಗಲೇ ಸಾಕಷ್ಟು ಮನೆಗಳಲ್ಲಿ ಅದು ಕೆಲಸ ಮಾಡುತ್ತಿದ್ದುದರಿಂದ ಆ ನಿಯಮವನ್ನು ಜನ ಒಪ್ಪಿಕೊಂಡರು ಅನ್ಸುತ್ತೆ.

ಎಲ್‌ಇಡಿ ಬಲ್ಬ್‌ನದು ಇದರ ಉಲ್ಟಾ. ಅಲ್ಲಿ ಸರ್ಕಾರ ಮೊದಲು ನುಗ್ಗಿತು. ಸಗಟಿನಲ್ಲಿ ಕೊಳ್ಳುತ್ತಾ ಹೋದ ಹಾಗೆ 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರಲ್ಲಿ 38ಕ್ಕೆ ಇಳಿಯಿತು. ಆದರೂ ಹೋಲ್ಡರ್‌ಗೆ ಬಲ್ಬ್ ಹಾಕಿದವರು ನಾವೇ ಅಲ್ವಾ.

ಹಾಗಾಗಿ ಆ ಹುಡುಗನಿಗೆ ನಾನು ಹೇಳಬೇಕಿದ್ದದ್ದು ಇದು. ನೀನು ಒಬ್ಬನೇ ಬಕೆಟ್‌ನಲ್ಲಿ ಸ್ನಾನ ಮಾಡಿದರೆ ಒಳ್ಳೇದೇ, ಮಾಡು. ಅದಕ್ಕಿಂತ ಜಾಸ್ತಿ ಕೆಲಸ ಆಗೋದು ಇಂಥ ಮೀಟಿಂಗ್‌ಗೆ ಬಂದು ಕೂತು ಮಾತಾಡಿದಾಗ. ಇವತ್ತು ನಾಲ್ಕು ಜನ ಸುಮ್ನೆ ತಲೆ ಆಡಿಸಿದ್ದರೆ ಟ್ಯಾಂಕ್‌ಗಳು ಗುಜರಿ ಗಾಡಿ ಹತ್ತುತ್ತಿದ್ದವು, ಇನ್ನು ಹದಿನೈದು ವರ್ಷ ಈ ಬಿಲ್ಡಿಂಗ್ ಗೀಸರ್ ಮೇಲೆಯೇ ನಡೆಯುತ್ತಿತ್ತು.

ಕೊನೆಗೆ ಆದದ್ದು ಇಷ್ಟು. ಟ್ಯೂಬ್ ಬದಲಾಯಿಸಿ ಟ್ಯಾಂಕ್ ಕ್ಲೀನ್ ಮಾಡಿಸೋಕೆ ಎರಡು ಕಡೆ ಕೊಟೇಶನ್ ತರಿಸೋದು. ಬಿಸಿನೀರು ಕೆಳಗಿನ ಮನೆಗಳಿಗೆ ಬರುವ ಮುಂಚೆ ಪೈಪಿನಲ್ಲಿರುವ ತಣ್ಣೀರೆಲ್ಲ ಸುರಿದುಹೋಗುತ್ತೆ ಅನ್ನೋ ದೂರು ನಿಜ. ಕಳೆದ ವರ್ಷ ಟ್ಯಾಂಕರ್‌ಗೆ ಕಾದವರು ನಾವು, ಅದನ್ನು ಹಾಗೇ ಬಿಡೋಕಾಗಲ್ಲ. ಪೈಪಿಗೆ ಇನ್ಸುಲೇಷನ್ ಸುತ್ತಿಸುವ ಖರ್ಚನ್ನೂ ಅದೇ ಕೊಟೇಶನ್‌ನಲ್ಲಿ ಕೇಳಬೇಕು. ಬಾಡಿಗೆಗೆ ಇರುವವರು ಇದಕ್ಕೆ ದುಡ್ಡು ಕೊಡಬೇಕಾ, ಓನರ್ ಕೊಡಬೇಕಾ ಅನ್ನೋದು ಇನ್ನೂ ಬಗೆಹರಿದಿಲ್ಲ. ಓನರ್ ಕೊಡಬೇಕು ಅಂತ ನನ್ನ ವಾದ, ನಾಳೆ ಅವರಿಗೆಲ್ಲ ಫೋನ್ ಮಾಡ್ತೀನಿ.